ಬಾಡ್ ಅಂದರೆ ಸ್ನಾನ

ಡೆನ್ಜಿಲ್ ಸಾರ್ ಜರ್ಮನಿಗೆ ಹೋಗಿ ಬಂದವರು
ಮೀಟಿಂಗಿನಲ್ಲಿ ಗೋಡೆಗೆ ಚಿತ್ರ ಬಿಟ್ಟು ತೋರಿಸಿದರು:
ಗುಡ್ಡದ ತುಂಬ ದ್ರಾಕ್ಷಿ, ಬುಡದಲ್ಲಿ ಊರು,
ಊರ ನಡುವೆ ನೆಲದಿಂದ ತಾನೇ ಉಕ್ಕುವ ಉಪ್ಪುನೀರು.
ಅಂಥ ಊರುಗಳ ಹೆಸರಿನ ಮುಂದೆ 'ಬಾಡ್' ಅಂತ ಇರುತ್ತಂತೆ.
ಬಾಟಲಿ ತೊಳೆಯುವ ಗಂಗುಲಪ್ಪ ಹಿಂದಿನಿಂದ
'ಯಾವ ಬಾಡು ಸಾರ್, ಕುರೀದಾ ಕೋಳೀದಾ?' ಅಂದ.
ಸಾರ್ ಕೂಡ ನಕ್ಕರು.
ಬಾಡ್ ಅಂದರೆ ಸ್ನಾನ, ಅಂದರು.

ನಾನು ಬರೆದುಕೊಂಡೆ. ರುಚಿ ತೋರಿಸುವ ಕೋಣೆ ನನ್ನದು.
ಅಲಿವೇಲಮ್ಮ ಅಂದರೆ ಉದ್ದವೆಂದು
ಎದೆಯ ಪಟ್ಟಿಯಲ್ಲಿ 'ಅಲಿವಾ' ಅಂತ ಕೆತ್ತಿಸಿದ್ದಾರೆ.
ಹಣ್ಣಿಗೂ ಹಾಗೇ: ಹೆಸರು ಬೆಂಗಳೂರಿನದು,
ಬೆಳೆಯುವುದು ನಂದಿಗುಡ್ಡದ ಈ ಮಗ್ಗುಲಲ್ಲಿ.
ಲೋಟ ತಿರುಗಿಸಿ, ಮೂಗು ಹಾಕಿ,
ಮೊದಲು ನೇರಳೆ ಬರುತ್ತೆ, ಆಮೇಲೆ
ಮಳೆಗೆ ನೆಂದ ಗೋಣಿಚೀಲ.
ಎರಡನೆಯದು ಅವರು ಕೊಟ್ಟ ಹಾಳೆಯಲ್ಲಿಲ್ಲ, ನಾನು ಸೇರಿಸಿದ್ದು.
ಉಗಿಯಲು ಬಕೆಟ್ಟಿದೆ, ಅತಿಥಿಗಳಿಗೆಂದು.
ಬಳಸುವವಳು ನಾನೊಬ್ಬಳೇ.

ಒಂದು ಚಿತ್ರ ಮಾತ್ರ ಕಣ್ಣಿಗೆ ಅಂಟಿಕೊಂಡಿತು.
ಮುಳ್ಳುಕಡ್ಡಿ ಒಟ್ಟಿ ಕಟ್ಟಿದ ಗೋಡೆ, ಮೂರು ಅಂತಸ್ತಿನಷ್ಟು.
ತುದಿಯಿಂದ ಉಪ್ಪುನೀರು ಕಡ್ಡಿಗೆ ಕಡ್ಡಿಗೆ ತಾಕಿ ಇಳಿಯುತ್ತೆ.
ಕೆಳಗೆ ಬೆಂಚು. ಬೆಂಚಿನ ಮೇಲೆ ಮುದುಕರು,
ಕೋಟು ಹಾಕಿಕೊಂಡು, ಸುಮ್ಮನೆ ಉಸಿರಾಡುತ್ತಾ.
ಅಷ್ಟೇ ಕೆಲಸ. ಟಿಕೆಟ್ಟಿದೆಯಂತೆ.

ಅಮ್ಮನೂ ಆವಿಯಲ್ಲೇ ಕೂತಿದ್ದಳು,
ಶಿಡ್ಲಘಟ್ಟದ ಖಲಂದರ್ ಸಾಬರ ಫಿಲೇಚರಿನಲ್ಲಿ, ಹತ್ತೊಂಬತ್ತು ವರ್ಷ.
ಗೂಡು ಬೇಯುವ ನೀರಿಗೆ ಬೆರಳು ಬಿಟ್ಟು
ಎಳೆಯ ತುದಿ ಹುಡುಕಿ ಹುಡುಕಿ
ಬೆರಳು ಬಿಳಿಚಿ, ಬಿಸಿ ಯಾವುದು ತಂಪು ಯಾವುದು
ಕೈಗೇ ಮರೆತುಹೋಗಿತ್ತು.
ಒಲೆ ಮೇಲಿನ ಪಾತ್ರೆ ಬರಿಗೈಲಿ ಇಳಿಸುತ್ತಿದ್ದಳು.
ನಾವು ಅದನ್ನು ಶಕ್ತಿ ಅಂದುಕೊಂಡಿದ್ದೆವು.
ಬಸ್ಸಿನಲ್ಲಿ ಹುಳದ ನಾತಕ್ಕೆ ಪಕ್ಕ ಯಾರೂ ಕೂರುತ್ತಿರಲಿಲ್ಲ.
'ಸೀಟು ಅಗಲವಾಗಿ ಸಿಗುತ್ತೆ ಕಣೆ' ಅನ್ನುತ್ತಿದ್ದಳು, ಕೆಮ್ಮುತ್ತಾ.

ಸಾರ್‌ಗೆ ಈಗ ಒಂದೇ ಹಂಬಲ.
ಹುಣಸೆತೋಪಿನ ಹಿಂದಿನ ಹಾಳು ಕಲ್ಯಾಣಿ ತೊಳೆಸಿ,
ಬಿಸಿನೀರು ತುಂಬಿಸಿ, ಮೆಟ್ಟಿಲ ಮೇಲೆ ದೀಪ,
ದ್ರಾಕ್ಷಿಬೀಜದ ಎಣ್ಣೆ ಹಚ್ಚುವ ಹುಡುಗಿಯರು.
'ಇಲ್ಲೂ ನೆಲದಿಂದ ಉಕ್ಕುತ್ತಾ ಅಲಿವಾ?'
ಉಕ್ಕಲ್ಲ ಸಾರ್, ಎಳೀಬೇಕು.

ಬಯ್ಯಣ್ಣನ ತೋಟದಲ್ಲಿ ಒಂಬೈನೂರು ಅಡಿಗೆ ಸಿಕ್ಕಾಗ
ನೀರು ಉಗುರುಬೆಚ್ಚಗಿತ್ತು. ನಾನಾಗ ಅಂಗನವಾಡಿ.
ಊರಿಗೆ ಊರೇ ಹೋಗಿ ಕೈಯೊಡ್ಡಿತು.
ಭೂಮಿತಾಯಿ ಕಾಸಿ ಕೊಟ್ಟಳೆಂದು ಪೈಪಿಗೆ ಕುಂಕುಮ.
ಅದನ್ನೇ ಕುಡಿದೆವು.
ಹಾಲುಹಲ್ಲು ಬಿದ್ದು ಬಂದವೆಲ್ಲ ಕಂದುಗೀಟಿನ ಹಲ್ಲು,
ನನಗೂ, ನನ್ನ ಓರಗೆಯವರಿಗೂ.
ಈಗ ಐದು ರೂಪಾಯಿ ಕಾಯಿನ್ ಹಾಕಿದರೆ
ಏನೂ ಇಲ್ಲದ ನೀರು ಬರುತ್ತೆ, ರುಚಿಯೂ ಇಲ್ಲದ್ದು.

ಇದನ್ನೆಲ್ಲ ಸಾರ್‌ಗೆ ಹೇಳಲಿಲ್ಲ.
ಬೆಚ್ಚಗಿತ್ತು ಅಂದಷ್ಟನ್ನೇ ಅವರು ಖುಷಿಯಿಂದ ಬರೆದುಕೊಂಡರು.
ನನ್ನ ಹಲ್ಲಿನ ಗೀಟನ್ನು ಅತಿಥಿಗಳು
ವೈನಿನದು ಅಂದುಕೊಳ್ಳುತ್ತಾರೆ.
ತಿದ್ದುವುದಿಲ್ಲ.

ಮೊನ್ನೆ, ಮನೆಯವರನ್ನೂ ಕರೆತನ್ನಿ ಅಂದ ದಿನ,
ಅಮ್ಮ ಬಂದಳು, ಇಸ್ತ್ರಿ ಸೀರೆ, ಕಂಕುಳಲ್ಲಿ ಛತ್ರಿ.
ಎತ್ತರದ ಸ್ಟೂಲು ಬೇಡವೆಂದು ನೆಲಕ್ಕೇ ಕೂತಳು.
ಲೋಟದಲ್ಲಿ ಒಂದು ಗುಟುಕಿನಷ್ಟು ಬಗ್ಗಿಸಿ
ಮೂಗಿಗೆ ಹಿಡೀಮ್ಮ ಅಂದೆ.
ಅವಳು ತೋರುಬೆರಳು ಅದ್ದಿದಳು.
ತಳ ಮುಟ್ಟುವವರೆಗೆ ಬಿಟ್ಟು, ನಿಧಾನ ಒಂದು ಸುತ್ತು ತಿರುವಿ
ಮೇಲೆತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

'ಎಳೆ ಸಿಗಲಿಲ್ಲ' ಅಂದಳು,
ಸೆರಗಿಗೆ ಬೆರಳೊರೆಸಿ.
ಆಮೇಲೆ, ಲೋಟ ಎಲ್ಲಿ ತೊಳೀತೀರೇ, ಅಂತ ಎದ್ದಳು.